ಅರಿವಿಯ ಮೇಲ್ಮಗ್ಗುಲು

"ಇದನ್ನ ಬರದವ್ರು ಯಾರ್ರಿ?"

ಪ್ರೆಸ್ಸಿನ ಬಾಗಿಲಲ್ಲಿ ನಿಂತು ಹಾಗೆ ಕೇಳಿದವಳ ಕೈಯಲ್ಲಿ ಸುರುಳಿ ಸುತ್ತಿದ ಪೋಸ್ಟರ್ ಇತ್ತು. ಹೊರಗೆ ರಾಯಚೂರಿನ ಮಾರ್ಚ್ ತಿಂಗಳ ಬಿಸಿಲು. ಒಳಗೆ ಲಾಲ್ ಸಾಬರ ಟ್ರೆಡಲ್ ಮಷಿನು ತಟಕ್ ತಟಕ್ ಎನ್ನುತ್ತಿತ್ತು. ಅಚ್ಚಿನ ಮೊಳೆ ಜೋಡಿಸುತ್ತ ಕೂತಿದ್ದ ಮೂಕಪ್ಪ ಎದ್ದು ನಿಂತ. ಮಸಿಗೈಯನ್ನು ಅಂಗಿಗೆ ಒರೆಸಿಕೊಂಡ. ಅದು ಆ ವಾರ ಒಗೆದ ಒಂದೇ ಅಂಗಿ ಎಂದು ಆಮೇಲೆ ನೆನಪಾಯಿತು.

ಹೊಗಳಲಿಕ್ಕೇ ಬಂದಿದ್ದಾಳೆ ಎಂದು ಅವನಿಗೆ ಖಾತ್ರಿಯಿತ್ತು. ಅದು ನಾರುಹುಣ್ಣಿನ ಪೋಸ್ಟರು. ಎಂಬತ್ನಾಲ್ಕನೆಯ ಇಸವಿಯ ಆ ಬೇಸಿಗೆಯಲ್ಲಿ ಜಿಲ್ಲೆಯ ಹಳ್ಳಿಹಳ್ಳಿಗೂ ಹಂಚಿದ್ದು. ಆರೋಗ್ಯ ಇಲಾಖೆಯವರು 'ನೀರನ್ನು ಸೋಸಿ ಕುಡಿಯಿರಿ' ಎಂದಷ್ಟೇ ಬರೆದು ಕಳಿಸಿದ್ದರು. ಇಷ್ಟು ಸಪ್ಪೆ ಮಾತಿಗೆ ಯಾರು ಏಳುತ್ತಾರೆ ಎಂದು ಮೂಕಪ್ಪ ತಾನೇ ಒಂದು ಸಾಲು ಕಟ್ಟಿ, ಪ್ರೆಸ್ಸಿನಲ್ಲಿದ್ದ ಅತಿ ದೊಡ್ಡ ಮೊಳೆಗಳಲ್ಲಿ ಮೇಲೆ ಕೂರಿಸಿದ್ದ: 'ನೀರು ಸೋಸದವರೇ, ನಿಮ್ಮ ಮಕ್ಕಳ ಕಾಲಿಗೆ ನೀವೇ ಹಾವು ಕಟ್ಟುತ್ತಿದ್ದೀರಿ!'

"ನಾನೇ ಬರ್ದೀನ್ರಿ," ಅಂದ, ಎದೆ ಸ್ವಲ್ಪ ಮುಂದೆ ಮಾಡಿ.

"ಭಾಳ ಚೊಲೋ ಬರ್ದೀರಿ." ಅವಳು ನಕ್ಕಳು. ಜಡೆಯ ತುದಿಯಲ್ಲಿ ಎದುರಿನ ಜಿನ್ನಿಂಗ್ ಗಿರಣಿಯಿಂದ ಹಾರಿ ಬಂದ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು. "ಎಷ್ಟು ಚೊಲೋ ಅಂದ್ರ, ಓದಿದವ್ರೆಲ್ಲ ಹೆದರಿ ಅದರ ಮ್ಯಾಲ ಸಗಣಿ ಬಡದಾರ. ನೀರು ಮಾತ್ರ ಹಂಗೇ ಕುಡ್ಯಾಕತ್ತಾರ."

ಲಾಲ್ ಸಾಬ್ ಮಷಿನು ನಿಲ್ಲಿಸಿದರು. ಇಂಥ ಮಾತು ಸಪ್ಪಳದಲ್ಲಿ ಕೇಳಿ ಕಳಕೊಳ್ಳುವಂಥದ್ದಲ್ಲ.

"ಹೆದರಬೇಕು ಅಂತಲೇ ಬರದದ್ದು," ಮೂಕಪ್ಪ ಬಿಸಿಯಾದ. "ಎದ್ಯಾಗ ಬೆಂಕಿ ಹಚ್ಚದಾಗ ಜನ ಎಲ್ಲ್ಯಾದರ ಎದ್ದಾರೇನ್ರಿ?"

"ಎದ್ದು ಎತ್ತಾಗ ಹೋಗಬೇಕು ಅನ್ನೋದು? ಅದನ್ನ ಬೆಂಕಿ ಹೇಳತದೇನು?" ಪೋಸ್ಟರನ್ನು ಮಡಿಚಿ ಮೇಜಿನ ಮೇಲಿಟ್ಟಳು. "ಹೆಸರೇನ್ರಿ ನಿಮ್ಮದು?"

"ಮೂಕಪ್ಪ."

ಅವಳು ಸೆರಗನ್ನು ಬಾಯಿಗೆ ಒಯ್ದಳು. ಕಣ್ಣು ಮಾತ್ರ ಮುಚ್ಚಲಿಲ್ಲ. ಅವು ಪೂರಾ ನಗುತ್ತಿದ್ದವು. "ನಾ ಹಂಪಮ್ಮ. ದೇವದುರ್ಗದ ಕಡೆ ನರ್ಸು. ಗೂಗಿಹಾಳದಾಗ ಇರ್ತೀನಿ. ಒಮ್ಮೆ ಬಂದು ನೋಡ್ರಿ. ಅಲ್ಲಿ ಭಾಷಣ ಇರಂಗಿಲ್ಲ. ನಿಮಗ ಬ್ಯಾಸರ ಆದೀತು."

ಅವಳು ಹೋದ ಮೇಲೆ ಲಾಲ್ ಸಾಬ್ ಮಷಿನು ಚಾಲೂ ಮಾಡುತ್ತ ಅಂದರು, "ಏನಪಾ ಲೀಡರ್, ಐದು ಮಿನಿಟಿನಾಗ ಮುಗಿಸಿಬಿಟ್ಳಲ್ಲ ನಿನ್ನ!"

*

ನಾರುಹುಣ್ಣು ಕಂಡವರಿಗೆ ವಿವರ ಬೇಡ. ಕಾಣದವರಿಗೆ ಇಷ್ಟು ಸಾಕು: ಕುಡಿದ ನೀರಿನೊಳಗಿಂದ ಹೊಟ್ಟೆ ಸೇರಿದ ಹುಳ ಒಂದು ವರ್ಷ ಒಳಗೇ ಬೆಳೆದು, ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ, ಬಿಳಿಯ ನೂಲಿನ ಹಾಗೆ ಮೊಳದುದ್ದ ಹೊರಗೆ ಬರುತ್ತದೆ. ಆ ಕಾಲನ್ನು ಮೆಟ್ಟಿಲುಬಾವಿಗೆ ಇಳಿಸಿದರೆ ಅದರ ಮರಿ ಮತ್ತೆ ನೀರಿಗೆ, ನೀರಿನಲ್ಲಿ ಜಿಗಿಯುವ ಸಣ್ಣ ಹುಳಗಳ ಹೊಟ್ಟೆಗೆ. ಬಾವಿಯಲ್ಲಿ ಯಾರು ಕಾಲಿಡಬಹುದು, ಯಾರು ಕಟ್ಟೆಯ ಹೊರಗೆ ಕೊಡ ಹಿಡಿದು ಕಾಯಬೇಕು ಎಂದು ಊರು ತೀರ್ಮಾನಿಸಿತ್ತು. ಹುಳ ಅಂಥ ತೀರ್ಮಾನವನ್ನೇನೂ ಮಾಡಿಕೊಂಡಿರಲಿಲ್ಲ. ಮೆಟ್ಟಿಲಿಳಿದವರ ಕಾಲಿಂದ ಹೊರಟದ್ದು, ಮೆಟ್ಟಿಲು ಮುಟ್ಟಲೂ ಬಾರದವರ ಹೊಟ್ಟೆಗೂ ಹೋಗುತ್ತಿತ್ತು.

ಮೂಕಪ್ಪ ಅಂಥ ಕಟ್ಟೆಯ ಹೊರಗೆ ನಿಂತ ತಾಯಿಯ ಸೆರಗು ಹಿಡಿದೇ ಬೆಳೆದವನು. ಮಾನವಿ ತಾಲೂಕಿನ ಹುಲಿಕಟ್ಟಿಯ ಕೆಳಗೇರಿಯವನು. ಭಾನುವಾರಗಳಂದು ಲಾಲ್ ಸಾಬರ ಪ್ರೆಸ್ಸಿನಲ್ಲೇ ಏಳೆಂಟು ಮಂದಿ ಸೇರಿ ಪುಸ್ತಕ ಓದಿ ಜಗಳಾಡುತ್ತಿದ್ದರು. ಅಲ್ಲಿ ಬಲಿತ ನಾಲಿಗೆ ಅವನದು. ಅವನು ಮಾತಾಡಿದರೆ ಸಭೆ ಏಳುತ್ತಿತ್ತು. ಪೊಲೀಸರೂ ಏಳುತ್ತಿದ್ದರು.

ಗೂಗಿಹಾಳಕ್ಕೆ ಅವನು ಹೋದದ್ದು ಏಪ್ರಿಲ್‌ನಲ್ಲಿ. ಅವಳನ್ನು ಮಾತಿನಲ್ಲಿ ಸೋಲಿಸಲಿಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಬಾವಿಯ ಕಡೆ ನಡೆಯುತ್ತ ಹಂಪಮ್ಮ ಹೇಳಿದಳು, "ನನಗಿಂತ ಮುಂಚೆ ಒಬ್ಬ ಸಾಹೇಬ್ರು ಬಂದು, ಸೋಸದವ್ರಿಗೆ ದಂಡ ಹಾಕ್ತೀನಿ ಅಂದ್ರಂತ. ಜೀಪಿನ ಸಪ್ಪಳ ಕೇಳಿದ್ರ ಸಾಕು, ಊರಿಗೆ ಊರೇ ಸೋಸೂದು. ಜೀಪು ಹೋತು, ಸೋಸೋ ಅರಿವಿ ಗೂಟಕ್ಕ. ಇನ್ನೊಬ್ರು ಬಂದು, ಸೋಸೋ ಅರಿವಿ ತೋರ್ಸಿದವ್ರಿಗೆ ಮೈ ತೊಳಕೊಳ್ಳಾಕ ಒಂದು ಸಬಕಾರ ಅಂದ್ರು. ಒಂದೇ ಅರಿವಿ ಹನ್ನೊಂದು ಮನಿ ತಿರುಗಿತು."

ಮೂಕಪ್ಪ ಜೋರಾಗಿ ನಕ್ಕ. "ಮತ್ತ ನೀವು ಏನ್ ಕೊಡ್ತೀರಿ?"

"ನೋಡಾಕ ಕೊಡ್ತೀನಿ."

ಚೀಲದಿಂದ ಒಂದು ಗಾಜಿನ ಲೋಟ, ಒಂದು ಭೂತಗನ್ನಡಿ, ನೀರು ಸೋಸುವ ಒಂದು ತುಂಡು ಅರಿವಿ ಬಟ್ಟೆ ತೆಗೆದಳು. ಅಷ್ಟೇ ಅವಳ ಸಾಮಾನು.

ಬಾವಿಯ ಕಟ್ಟೆಯ ಮೇಲೆ ಬಸವಂತಮ್ಮ ಎಂಬ ಹೆಂಗಸು ಕೊಡ ಇಳಿಸಿ ನಿಂತಿದ್ದಳು. ಊರಿನಲ್ಲಿ ದೊಡ್ಡ ಹೊಲದವರ ಮನೆ, ದೊಡ್ಡ ಬಾಯಿ. ನರ್ಸನ್ನು ನೋಡಿದ್ದೇ, "ಬಂದ್ಳಪಾ ಸೋಸವ್ವ," ಅಂದಳು. "ನಮ್ಮಜ್ಜ, ಮುತ್ತಜ್ಜ ಎಲ್ಲ ಇದೇ ನೀರು ಕುಡದಾರ. ಸತ್ತಾರೇನು?"

ಮೂಕಪ್ಪನ ನಾಲಿಗೆಯ ತುದಿಯಲ್ಲಿ ನಾಲ್ಕು ಉತ್ತರ ಬಂದವು. ಹಂಪಮ್ಮನ ಬಾಯಲ್ಲಿ ಒಂದೂ ಬರಲಿಲ್ಲ. ಬದಲಿಗೆ ಕೇಳಿದಳು, "ನಿಮ್ಮ ಮನಿಯಾಗ ಹ್ವಾದ ವರ್ಷ ಯಾರಿಗೆ ನಾರು ಎದ್ದಿತ್ತು ಬಸವಂತಕ್ಕ?"

"ನಮ್ಮ ಸೊಸಿಗೆ. ಬಿತ್ತೋ ಹೊತ್ತಿನಾಗೇ. ಎರಡು ತಿಂಗಳು ಕಾಲೂರಲಿಲ್ಲ ಹುಡುಗಿ." ದನಿ ಒಂದು ಮೆಟ್ಟಿಲು ಇಳಿಯಿತು.

"ಯಾತರಿಂದ ಬಂತು ಅಂತೀರಿ?"

"ಯಾರಿಗ್ಗೊತ್ತು ಬೇ. ಕಾವಿಂದ ಅಂತಾರ, ಪಾಪದಿಂದ ಅಂತಾರ."

"ನನಗ ಗೊತ್ತದ ಅಂತ ನಾ ಹೇಳಂಗಿಲ್ಲ. ನೀವು ನೋಡ್ರಿ. ನೀವೇ ಹೇಳ್ರಿ."

ಹಂಪಮ್ಮ ಅವಳದೇ ಕೊಡದ ನೀರನ್ನು ಲೋಟಕ್ಕೆ ಬಗ್ಗಿಸಿ, ಬಿಸಿಲಿಗೆ ಹಿಡಿದು, ಭೂತಗನ್ನಡಿ ಬಸವಂತಮ್ಮನ ಕೈಗೆ ಕೊಟ್ಟಳು. ಬಸವಂತಮ್ಮ ಒಂದು ಕಣ್ಣು ಮುಚ್ಚಿದಳು. ಆಮೇಲೆ ಬಾಯಿ ತೆರೆಯಿತು. ಅದು ಹಾಗೇ ತೆರೆದೇ ಇತ್ತು. ಲೋಟದೊಳಗೆ ಬಿಳಿಯ ಚುಕ್ಕೆಗಳು ಚಂಗ್ ಚಂಗ್ ಎಂದು ಜಿಗಿಯುತ್ತಿದ್ದವು.

"ಯವ್ವಾ! ಜೀವ ಅದಾವ ಇದರಾಗ!"

ಕಟ್ಟೆಯ ಹೊರಗೆ, ಯಾರಾದರೂ ನೀರು ಹಾಕಲಿ ಎಂದು ಕಾಯುತ್ತಿದ್ದ ಕೇರಿಯ ಆದೆಮ್ಮ ಕತ್ತು ಚಾಚಿದಳು. ಹಂಪಮ್ಮ ಒಂದು ಮಾತೂ ಆಡದೆ ಭೂತಗನ್ನಡಿ ಇಸಕೊಂಡು ಆದೆಮ್ಮನ ಕೈಗೆ ಇಟ್ಟಳು. ಆದೆಮ್ಮ ನೋಡಿದಳು, "ಅಯ್ಯ ಶಿವನ," ಅಂದಳು. ಹಂಪಮ್ಮ ಅದನ್ನು ಮತ್ತೆ ಬಸವಂತಮ್ಮನ ಕಡೆ ಚಾಚಿದಳು.

ಬಸವಂತಮ್ಮನ ಕೈ ಅರ್ಧ ಬಂದು ನಿಂತಿತು. ಆದೆಮ್ಮ ಮುಟ್ಟಿದ ಗಾಜು.

ಮೂಕಪ್ಪ ಒಂದು ಹೆಜ್ಜೆ ಮುಂದೆ ಬಂದ. ಈ ಹೊತ್ತಿಗಾಗಿಯೇ ಅವನು ಹತ್ತು ವರ್ಷ ಭಾಷಣ ಕಲಿತದ್ದು. ಬಾಯಿ ತೆಗೆಯಬೇಕು ಎನ್ನುವಷ್ಟರಲ್ಲಿ ಹಂಪಮ್ಮ ಅವನ ಕಡೆ ಒಮ್ಮೆ ನೋಡಿದಳು. ರೆಪ್ಪೆ ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಬೇಡ ಎಂದಳೋ, ತಡೀರಿ ಎಂದಳೋ. ಅವನ ಬಾಯಿ ಮುಚ್ಚಿತು. ಅವಳು ಕೈ ಚಾಚಿದವಳು ಚಾಚಿಕೊಂಡೇ ನಿಂತಳು. ಇಳಿಸಲಿಲ್ಲ, ಮುಂದೆಯೂ ಒತ್ತಲಿಲ್ಲ.

ಲೋಟದಲ್ಲಿ ಒಂದು ಹುಳ ಜೋರಾಗಿ ಜಿಗಿಯಿತು. "ನೋಡೇ, ನೋಡೇ, ಕೊಂಬು ಅದಾವ ಅದಕ್ಕ!" ಅಂದಳು ಆದೆಮ್ಮ. "ಎಲ್ಲಿ?" ಅಂದಳು ಬಸವಂತಮ್ಮ. ಭೂತಗನ್ನಡಿ ಅವಳ ಕೈಗೆ ಹೋಯಿತು. ಇಬ್ಬರ ತಲೆಗಳೂ ಒಂದೇ ಲೋಟದ ಮೇಲೆ ಬಾಗಿದವು.

ಆಮೇಲೆ ಹಂಪಮ್ಮ ಅದೇ ನೀರನ್ನು ಅರಿವಿಯಲ್ಲಿ ಸೋಸಿ ತೋರಿಸಿದಳು. ಅದರಲ್ಲಿ ಏನೂ ಜಿಗಿಯಲಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಮೂಕಪ್ಪ ಕೈ ಮುಗಿಯುತ್ತಿದ್ದ. ಆದರೆ ಅವಳು ಮುಂದುವರಿಸಿದಳು: "ತ್ರಾಸ ಅದ ಬಸವಂತಕ್ಕ. ಕೊಡ ತುಂಬಾಕ ಎರಡರಷ್ಟು ಹೊತ್ತು ಹಿಡೀತದ. ಅರಿವಿ ದಿನಾ ಒಗೀಬೇಕು. ಸಣ್ಣ ತೂತು ಬಿದ್ರೂ ಎಲ್ಲ ವ್ಯರ್ಥ."

ಹಿಂದಿರುಗುವಾಗ ಅವನು ತಡೆಯದೆ ಕೇಳಿದ, "ಒಪ್ಪಿದ್ಳಲ್ರೀ! ಮತ್ಯಾಕ ತ್ರಾಸ ಎಲ್ಲ ಹೇಳಿದ್ರಿ?"

"ನಾಳೆ ಆಕಿಗೇ ಗೊತ್ತಾಗ್ತದಲ್ಲ. ನಾ ಮುಚ್ಚಿಟ್ಟೀನಿ ಅಂತ ತಿಳಿದ್ರ, ನಾ ಹೇಳಿದ ಖರೇ ಮಾತೂ ಸುಳ್ಳಾಗ್ತದ."

ಅವಳು ಮುಂದೆ ನಡೆದಳು. ಜಾಲಿಯ ನೆರಳು ಬಿಸಿಲು ಅವಳ ಬೆನ್ನ ಮೇಲೆ ಚೂರುಚೂರಾಗಿ ಹಾಯುತ್ತಿತ್ತು. ಸೋಲಿಸಲು ಬಂದವನು ತಾನು ಎಂಬುದು ಮೂಕಪ್ಪನಿಗೆ ಬಸ್ಸು ಹತ್ತಿದ ಮೇಲೂ ನೆನಪಾಗಲಿಲ್ಲ.

*

ನೆನಪಾದದ್ದು ಮೇ ತಿಂಗಳಲ್ಲಿ. ಅವಳು ಒಂದೊಂದೇ ಹೆಂಗಸನ್ನು ಹಿಡಿದು ಒಂದು ವರ್ಷ ಮಾಡುವ ಕೆಲಸವನ್ನು ತಾನು ಒಂದೇ ಮಧ್ಯಾಹ್ನದಲ್ಲಿ ಮಾಡಿ ತೋರಿಸುವ ಹಟ ಬಂತು. ಹುಲಿಕಟ್ಟಿಗೆ ಹೋದ. ಕೆಳಗೇರಿಯ ಅರವತ್ತಮೂರು ಮನೆಯವರನ್ನೂ ಬೇವಿನ ಮರದ ಕೆಳಗೆ ಸೇರಿಸಿದ. ಒಂದು ಗಂಟೆ ಮಾತಾಡಿದ. ಕೇರಿ ಅತ್ತಿತು, ಮುಷ್ಟಿ ಎತ್ತಿತು. ಕೊನೆಗೆ ದೀಪ ಮುಟ್ಟಿಸಿ ಪ್ರತಿ ಮನೆಯ ಹೆಂಗಸಿನಿಂದಲೂ ಆಣೆ ಹಾಕಿಸಿದ: ಇಂದಿನಿಂದ ಸೋಸದ ನೀರು ಕುಡಿಯುವುದಿಲ್ಲ. ಮೊದಲು ದೀಪ ಮುಟ್ಟಿದವಳು ಅವನ ತಾಯಿ ದುರುಗಮ್ಮ.

ಹಂಪಮ್ಮನಿಗೆ ಕಾರ್ಡು ಬರೆದ: 'ಅರವತ್ತಮೂರಕ್ಕೆ ಅರವತ್ತಮೂರು. ಒಂದೇ ದಿನ.'

ಅವಳ ಕಾರ್ಡಿನಲ್ಲಿ ಒಂದೇ ಸಾಲಿತ್ತು: 'ಸಂತೋಷ. ಯಾಕೆ ಎಂದು ಯಾರಾದರೂ ಕೇಳಿದರೇ?'

ಹೊಟ್ಟೆಕಿಚ್ಚು ಅಂದುಕೊಂಡ. ಉತ್ತರ ಬರೆಯಲಿಲ್ಲ. ಕಾರ್ಡನ್ನು ಮಾತ್ರ ಮೊಳೆ ಪೆಟ್ಟಿಗೆಯ ಕೆಳಗೆ ಇಟ್ಟುಕೊಂಡ.

ಪ್ರತಿ ತಿಂಗಳ ಮೊದಲ ಶನಿವಾರ ಅವಳಿಗೆ ರಾಯಚೂರಿನಲ್ಲಿ ಮೀಟಿಂಗು. ರಾತ್ರಿ ಸೋದರತ್ತೆಯ ಮನೆಯಲ್ಲಿ ಉಳಿದು ಭಾನುವಾರ ಬೆಳಿಗ್ಗೆ ಓದುವ ಗುಂಪಿಗೆ ಬರತೊಡಗಿದಳು. ಮೂಲೆಯಲ್ಲಿ ಕೂತು ಕೇಳುವಳು. ಅವನು ಆವೇಶದಲ್ಲಿ ಮೇಜು ಗುದ್ದಿದರೆ ಲೋಟದ ಚಹಾ ಚೆಲ್ಲದಂತೆ ಎತ್ತಿ ಹಿಡಿಯುವಳು. ತಿಂಗಳ ನಡುವೆ ಕಾರ್ಡುಗಳು ಮತ್ತೆ ಓಡಾಡತೊಡಗಿದವು. ಆಮೇಲೆ ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದು ಹೋಗುವುದು ರೂಢಿಯಾಯಿತು. ಮಧ್ಯೆ ಒಂದು ಮೊಳ ಅಂತರ, ಕೆಲವೊಮ್ಮೆ ಒಂದು ಗೇಣು.

"ನಿಮ್ಮ ಕಾರ್ಡು ನಾಲ್ಕು ನಾಲ್ಕು ಸಲ ಓದ್ತೀನಿ," ಅಂದಳು ಒಮ್ಮೆ.

"ನಾಲ್ಕು ಸಲ ಯಾಕ?"

"ಮೂರು ಸಲ ಸಿಟ್ಟಿಗೆ."

"ಇನ್ನೊಂದು ಸಲ?"

"ಬಸ್ಸು ಬಂತು ನೋಡ್ರಿ," ಎಂದು ಓಡಿದಳು. ಬಸ್ಸು ಅಲ್ಲೇ ಹತ್ತು ನಿಮಿಷ ನಿಂತಿತ್ತು. ಕಿಟಕಿಯಲ್ಲಿ ಅವಳು ಬೇಕೆಂದೇ ಮುಂದೆ ನೋಡುತ್ತ ಕೂತಿದ್ದಳು. ಹೊರಟಾಗ ಮಾತ್ರ ತಿರುಗಿದಳು. ಆ ಒಂದು ತಿರುಗುವಿಕೆಯ ಮೇಲೆ ಮೂಕಪ್ಪ ಒಂದು ತಿಂಗಳು ಬದುಕಿದ.

*

ಜನವರಿಯಲ್ಲಿ ಅವನು ತಪ್ಪು ಮಾಡಿದ.

ಆ ಭಾನುವಾರ ಗುಂಪಿನಲ್ಲಿ ಮಾತು ಜಾತಿಯ ಬಗ್ಗೆ. ಇಪ್ಪತ್ತು ಮಂದಿ ಸೇರಿದ್ದರು. ಮೂಕಪ್ಪನಿಗೆ ಮಾತು ಹತ್ತಿತ್ತು. ಹಂಪಮ್ಮ ಸಿರವಾರದ ಮಹಾಂತಯ್ಯನವರ ಮಗಳು, ಮಠದ ಕಡೆಯ ಮನೆತನ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. "ಜಾತಿ ಬಿಟ್ಟೀವಿ ಅಂತ ಬಾಯಿಲೆ ಹೇಳೋದು ಸಾಕು," ಎಂದು ಮೇಜು ಗುದ್ದಿದ. "ಖರೇ ಬಿಟ್ಟವ್ರು ಮಾಡಿ ತೋರಸ್ರಿ. ನಾ ಎಲ್ಲರ ಮುಂದ ಕೇಳಾಕತ್ತೀನಿ. ಹಂಪಮ್ಮನವ್ರು ನನ್ನ ಮದಿವಿ ಆಗಾಕ ತಯಾರ ಅದಾರೇನು?"

ಚಪ್ಪಾಳೆ. ಶಿಳ್ಳೆ. ಇಪ್ಪತ್ತೂ ಮುಖ ಮೂಲೆಗೆ ತಿರುಗಿದವು. ಲಾಲ್ ಸಾಬ್ ಒಬ್ಬರೇ ನೆಲ ನೋಡುತ್ತಿದ್ದರು.

ಹಂಪಮ್ಮ ಎದ್ದಳು. ಕೈಯಲ್ಲಿದ್ದ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದಳು.

ಅವನು ಓಡಿ ಹಿಡಿದದ್ದು ಗಿರಣಿಯ ಗೋಡೆಯ ಹತ್ತಿರ. ಗಾಳಿಯ ತುಂಬ ಹತ್ತಿ. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಒಣಗಿತ್ತು.

"ಆ ದಂಡ ಹಾಕೋ ಸಾಹೇಬ್ರೇ ಎಷ್ಟೋ ಚೊಲೋ ಇದ್ರು ಬಿಡ್ರಿ. ಅವರು ದಂಡ ಅಂತ ಬಾಯಿ ಬಿಟ್ಟು ಹೇಳ್ತಿದ್ರು."

"ನಾ ಪ್ರೀತಿಲೆ ಕೇಳ್ದೆ ಹಂಪಮ್ಮ—"

"ಕೇಳಲಿಲ್ಲ. ಮೂಲಿಗೆ ಒತ್ತಿದ್ರಿ. ಹೂಂ ಅಂದಿದ್ರ ಆ ಹೂಂ ನಂದಾಗ್ತಿತ್ತೇನು? ಚಪ್ಪಾಳಿದಾಗ್ತಿತ್ತು. ಇಲ್ಲ ಅಂದಿದ್ರ ನಾ ಜಾತಿ ಹೊತ್ಕೊಂಡವಳು. ಕೇಳೋದು ಅಂದ್ರ ಇಲ್ಲ ಅನ್ನಾಕ ಜಾಗ ಇರಬೇಕಲ್ರಿ. ನೀವು ಎಲ್ಲಿ ಬಿಟ್ರಿ ನನಗ ಜಾಗ?"

ಉತ್ತರಕ್ಕೆ ಕಾಯದೆ ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಫೆಬ್ರವರಿಯ ಶನಿವಾರ ಹೋಯಿತು. ಮಾರ್ಚಿನದೂ ಹೋಯಿತು. ಅವಳು ಬರಲಿಲ್ಲ, ಕಾರ್ಡೂ ಬರಲಿಲ್ಲ.

*

ಮೇ ತಿಂಗಳಲ್ಲಿ ಹುಲಿಕಟ್ಟಿಯಿಂದ ಸುದ್ದಿ ಬಂತು: ದುರುಗಮ್ಮನಿಗೆ ನಾರು ಎದ್ದಿದೆ. ಅವಳಿಗೊಬ್ಬಳಿಗೇ ಅಲ್ಲ, ಕೆಳಗೇರಿಯಲ್ಲಿ ಹದಿನಾಲ್ಕು ಮಂದಿಗೆ.

ಮೂಕಪ್ಪ ಮನೆ ಮುಟ್ಟಿದಾಗ ಅಂಗಳದಲ್ಲಿ ಹಂಪಮ್ಮ ಕೂತಿದ್ದಳು. ಒಂದು ತಾಲೂಕಿನ ನರ್ಸುಗಳು ಇನ್ನೊಂದು ತಾಲೂಕಿಗೆ ಹೋಗಿ ಎಣಿಸಿ ಬರಬೇಕು ಎಂದು ಆ ವರ್ಷ ಮಾಡಿದ್ದರು. ಅವಳ ಪಾಲಿಗೆ ಮಾನವಿಯ ಕಡೆ ಬಂದಿತ್ತು. ತಾಯಿಯ ಕಾಲು ಅವಳ ತೊಡೆಯ ಮೇಲಿತ್ತು. ಹೊರಬಂದ ಹುಳದ ತುದಿಯನ್ನು ಒಂದು ಕಡ್ಡಿಗೆ ಸುತ್ತುತ್ತಿದ್ದಳು.

"ಎಳದು ಒಗಿಯವ್ವಾ ಒಮ್ಮಿಗೆ," ದುರುಗಮ್ಮ ನರಳಿದಳು.

"ಎಳದ್ರ ಹರೀತದ ಯವ್ವಾ. ಹರದ್ರ ಒಳಗ ಕೀವಾಗ್ತದ. ದಿನಕ್ಕ ಒಂದು ಬೆರಳು. ಅದು ಬಂದಷ್ಟೇ."

ಮೂಕಪ್ಪನನ್ನು ಕಂಡು ತಲೆ ಬಾಗಿಸಿದಳು, ಯಾರೋ ಗುರುತಿನವರಿಗೆ ಬಾಗಿಸುವ ಹಾಗೆ. ಅದು ಅವನಿಗೆ ಬೈದದ್ದಕ್ಕಿಂತ ಹೆಚ್ಚು ನೋವಾಯಿತು.

"ಆಣಿ ಮುರದ್ಯಾ ಯವ್ವಾ?" ಅಂದ ತಾಯಿಗೆ.

ದುರುಗಮ್ಮನ ಮುಖ ಕೆಂಪಾಯಿತು. "ಏನಂದೀ? ದೀಪ ಮುಟ್ಟೀನಿ ನಾ. ಒಂದು ಹನಿ ಸೋಸದ್ದು ಕುಡದಿದ್ರ ಕೇಳು. ಜ್ವರ ಬಂದಾಗೂ ಸೋಸೀನಿ."

"ಹೆಂಗ ಸೋಸ್ತೀರಿ, ತೋರಸ್ರಿ ಯವ್ವಾ," ಅಂದಳು ಹಂಪಮ್ಮ.

ಕುಂಟುತ್ತ ಎದ್ದು ದುರುಗಮ್ಮ ಕೊಡದ ಬಾಯಿಗೆ ಅರಿವಿ ಕಟ್ಟಿದಳು. ಬಾವಿಯ ನೀರು ಸುರಿದಳು. ಕೊಡ ತುಂಬಿತು. ಅರಿವಿಯ ಮೇಲೆ ಕಸಕಡ್ಡಿ ನಿಂತಿತ್ತು. ಅರಿವಿ ಬಿಚ್ಚಿದಳು, ಕೊಡವಿದಳು, ನೀಟಾಗಿ ಮಗ್ಗುಲು ತಿರುವಿ ಎರಡನೆಯ ಕೊಡಕ್ಕೆ ಕಟ್ಟಿದಳು. ಈಗ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಮತ್ತೆ ನೀರು ಸುರಿದಳು.

"ತಿರುವಿದ್ರಲ್ಲ, ಯಾಕ ಯವ್ವಾ?"

"ಆ ಮಗ್ಗುಲ ಹೊಲಸಾತಲ್ಲ. ಮಗ ಆಣಿ ಹಾಕ್ಸ್ಯಾನ. ಹೊಲಸು ಮಗ್ಗುಲಿಲೆ ಸೋಸ್ಲೇನು ನಾ? ಕೇರ್ಯಾಗ ಎಲ್ಲಾರೂ ಹಿಂಗೇ ಮಾಡ್ತಾರ. ನಾನೇ ಹೇಳಿಕೊಟ್ಟೀನಿ."

ಮೂಕಪ್ಪ ಎರಡನೆಯ ಕೊಡದೊಳಗೆ ಬಗ್ಗಿ ನೋಡಿದ. ಮೊದಲ ಕೊಡದಲ್ಲಿ ಹಿಡಿದ ಹುಳಗಳನ್ನೆಲ್ಲ ಎರಡನೆಯ ಕೊಡಕ್ಕೆ ಒಳಮುಖವಾಗಿ ತೊಳೆದು ಬಿಡುತ್ತಿದ್ದಳು ತಾಯಿ. ಒಂದು ವರ್ಷ, ದಿನವೂ. ಸೋಮಾರಿತನದಿಂದ ಅಲ್ಲ, ಮಗನ ಮಾತಿನ ಮೇಲಿನ ಭಕ್ತಿಯಿಂದ. ಅರವತ್ತಮೂರು ಮನೆ ಅವನ ಮಾತು ಕೇಳಿದ್ದವು. ಅರಿವಿಗೆ ಒಂದು ಮೇಲ್ಮಗ್ಗುಲು ಇದೆ, ಅದು ಯಾಕೆ ಇದೆ ಎಂದು ಒಂದಕ್ಕೂ ಗೊತ್ತಿರಲಿಲ್ಲ. ಅವನು ಅಳಿಸಿದ್ದ, ಎಬ್ಬಿಸಿದ್ದ, ಕಟ್ಟಿಹಾಕಿದ್ದ. ತಿಳಿಸಿರಲಿಲ್ಲ.

'ಯಾಕೆ ಎಂದು ಯಾರಾದರೂ ಕೇಳಿದರೇ?'

ಹಂಪಮ್ಮ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅದು ಗೆದ್ದವರ ನೋಟ ಆಗಿಬಿಡುತ್ತಿತ್ತು, ಅವಳಿಗೆ ಅದು ಬೇಕಿರಲಿಲ್ಲ. ಲೋಟ, ಭೂತಗನ್ನಡಿ ತೆಗೆದು ದುರುಗಮ್ಮನ ಕೈಗೆ ಕೊಡಹೊರಟಳು.

"ನನಗ ಕೊಡ್ರಿ," ಅಂದ ಮೂಕಪ್ಪ. "ನಾ ತೋರಸ್ತೀನಿ."

ಹನ್ನೊಂದು ದಿನ ರಜೆ ಹಾಕಿದ. ಮನೆಮನೆಗೆ ಹೋದ. ಮೊದಲ ಮನೆಯಲ್ಲೇ ಹೇಳಿದ, "ನಾ ನಿಮ್ಮ ಕಡಿಂದ ಆಣಿ ಹಾಕ್ಸಿದೆ. ಯಾಕ ಅಂತ ಹೇಳಲಿಲ್ಲ. ತಪ್ಪು ನಂದು." ಲೋಟ ಹಿಡಿದ. ಅವರ ಕೈಗೆ ಭೂತಗನ್ನಡಿ ಕೊಟ್ಟು ಬಾಯಿ ಮುಚ್ಚಿಕೊಂಡ. ಇದು ಅವನ ಬಾಳಿನಲ್ಲೇ ಕಷ್ಟದ ಕೆಲಸ. ಅವರೇ ನೋಡುವವರೆಗೆ, ಅವರೇ ಕೇಳುವವರೆಗೆ ಕಾಯಬೇಕು. ಒಬ್ಬ ಅಜ್ಜಿ ನೋಡಿದವಳೇ ತಾನಾಗಿ ಅಂದಳು, "ಹಂಗಾದ್ರ ಇವು ಕುಂತ ಮಗ್ಗುಲ ಒಳಗ ಹೋಗಬಾರದಲ್ಲಪ್ಪ!" ಮರುದಿನ ಯಾರೂ ಹೇಳದೆಯೇ ಅರಿವಿಯ ಮೇಲ್ಮಗ್ಗುಲಿಗೆ ಕೆಂಪು ದಾರದಲ್ಲಿ ಒಂದು ಗಿಳಿ ಹೊಲಿದಿದ್ದಳು. ವಾರದೊಳಗೆ ಕೇರಿಯ ತುಂಬ ಗಿಳಿ.

ಹನ್ನೊಂದನೆಯ ದಿನ ತಾಯಿಯ ಕಾಲಿನ ಹುಳ ಪೂರಾ ಬಂತು, ಹರಿಯದೆ. ಹಂಪಮ್ಮ ಕಡ್ಡಿಯನ್ನು ಒಲೆಗೆ ಹಾಕಿ ಕೈ ತೊಳೆದಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು, "ಗೂಗಿಹಾಳಕ್ಕ ಈ ವರ್ಷ ಎರಡೇ ಎದ್ದಾವ. ಹುಲಿಕಟ್ಟಿಗೆ ಬರೋ ವರ್ಷ ಒಂದೂ ಏಳಂಗಿಲ್ಲ ನೋಡ್ರಿ."

"ಹೆಂಗ ಗೊತ್ತು?"

"ನೀವು ಹನ್ನೊಂದು ದಿನದಾಗ ಒಮ್ಮೆನೂ ಒದರಲಿಲ್ಲ." ಕಣ್ಣಿನಲ್ಲಿ ಹಳೆಯ ನಗು ಒಂದು ಎಳೆ ಬಂದು ಹೋಯಿತು.

*

ಆಗಸ್ಟಿನಲ್ಲಿ, ಮಾನವಿ ಬಸ್‌ಸ್ಟ್ಯಾಂಡಿನಲ್ಲಿ, ಅವಳ ಕೈಗೆ ಅವನು ಒಂದು ಹಾಳೆ ಕೊಟ್ಟ. ಸ್ವಂತ ಕೈಯಿಂದ ಮೊಳೆ ಜೋಡಿಸಿ, ಒಂದೇ ಪ್ರತಿ ತೆಗೆದದ್ದು. ತಲೆಬರಹ: 'ಮೂಕಪ್ಪನನ್ನು ಮದುವೆಯಾಗಲು ಒಲ್ಲೆ ಎನ್ನುವುದಕ್ಕೆ ಕಾರಣಗಳು.'

ಒಟ್ಟು ಏಳು ಕಾರಣಗಳಿದ್ದವು. ಎರಡು ಸಲ ಪೊಲೀಸರು ಒಯ್ದಿದ್ದಾರೆ, ಮೂರನೆಯದೂ ಇರಬಹುದು ಎಂಬುದಿತ್ತು. ಒಂದೇ ಕೋಣೆಯ ಮನೆ ಎಂಬುದಿತ್ತು. ಬೇರೆಯವರ ಮಾತಿನ ನಡುವೆ ಬಾಯಿ ಹಾಕುವ ಚಟ ಎಂಬುದಿತ್ತು. ಐದನೆಯದು ಹೀಗಿತ್ತು: 'ನನ್ನ ತಾಯಿಯ ಬಾಗಿಲು ನಿಮಗೆ ತೆರೆದಿದೆ. ನಿಮ್ಮ ತಂದೆಯ ಬಾಗಿಲು ನಿಮಗೇ ಮುಚ್ಚಬಹುದು. ಕಳೆದುಕೊಳ್ಳುವವರು ನೀವು, ನಾನಲ್ಲ. ಇದು ಸಮ ಅಲ್ಲ.' ಆರನೆಯದು: 'ಜನವರಿಯಲ್ಲಿ ಮಾಡಿದ್ದನ್ನು ಮತ್ತೆ ಮಾಡಲಾರೆ ಎಂಬುದಕ್ಕೆ ನನ್ನ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ.' ಏಳನೆಯದು: 'ನೀವು ಒಲ್ಲೆ ಎಂದರೆ ನನಗೆ ಬಹಳ ನೋವಾಗುತ್ತದೆ. ಆದರೆ ಬದುಕುತ್ತೇನೆ, ಕೆಲಸ ಮಾಡುತ್ತೇನೆ. ಆದ್ದರಿಂದ ಕನಿಕರಕ್ಕೆ ಒಪ್ಪಬೇಡಿ.'

ಹಂಪಮ್ಮ ಪೂರಾ ಓದಿದಳು. ತಿರುವಿ ನೋಡಿದಳು. ಹಿಂದೆ ಖಾಲಿ.

"ಹೂಂ ಅನ್ನಾಕ ಕಾರಣ ಎಲ್ಲಿ?"

"ಅವು ಇದ್ರ ನಿಮಗೇ ಕಂಡಿರ್ತಾವ."

"ಉತ್ತರ ಯಾವಾಗ ಬೇಕು?"

"ಬರಲೇಬೇಕು ಅಂತಿಲ್ಲ್ರಿ."

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಭೂತಗನ್ನಡಿಯ ಜೊತೆ ಚೀಲದಲ್ಲಿಟ್ಟಳು. ಸಿರವಾರದ ಬಸ್ಸು ಹತ್ತಿದಳು. ಈ ಸಲ ಕಿಟಕಿಯಿಂದ ತಿರುಗಿ ನೋಡಲಿಲ್ಲ. ಮೂಕಪ್ಪ ಕಾದ. ಕಾರ್ಡು ಬರೆಯಲು ಎಷ್ಟೋ ಸಲ ಪೆನ್ನು ಹಿಡಿದು ಇಳಿಸಿದ. ದಿನಕ್ಕೆ ಒಂದು ಬೆರಳು, ಅದು ಬಂದಷ್ಟೇ.

*

ನವೆಂಬರಿನ ಒಂದು ಶನಿವಾರ. ಗಿರಣಿ ಚಾಲೂ ಆಗಿತ್ತು, ಬೀದಿಯ ತುಂಬ ಹತ್ತಿ ಹಾರುತ್ತಿತ್ತು.

"ಇದನ್ನ ಬರದವ್ರು ಯಾರ್ರಿ?"

ಮೂಕಪ್ಪನ ಕೈಯಿಂದ ಮೊಳೆಗಳು ಜಾರಿ ಟಣ್ ಟಣ್ ಎಂದು ನೆಲಕ್ಕೆ ಬಿದ್ದವು. ಲಾಲ್ ಸಾಬ್ ಮಷಿನು ನಿಲ್ಲಿಸಿದರು.

ಹಂಪಮ್ಮ ನಾಲ್ಕು ಮಡಿಕೆಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ಪ್ರೂಫ್ ತಿದ್ದೀನಿ. ನೋಡ್ಕೊಳ್ರಿ."

ಮಾತಿನ ನಡುವೆ ಬಾಯಿ ಹಾಕುವ ಚಟಕ್ಕೆ ಗೀಟು ಎಳೆದು, 'ಈಚೆಗೆ ಕಡಿಮೆಯಾಗಿದೆ' ಎಂದು ಬರೆದಿದ್ದಳು. ಜನವರಿಯ ಆರನೆಯ ಕಾರಣವನ್ನು ಹೊಡೆದು ಹಾಕಿರಲಿಲ್ಲ. ಪಕ್ಕದಲ್ಲಿ 'ಹುಲಿಕಟ್ಟಿಯಲ್ಲಿ ಸಾಕ್ಷಿ ನೋಡಿದ್ದೇನೆ' ಎಂದಿತ್ತು. ಕೆಳಗೆ ಅವಳೇ ಎಂಟನೆಯದನ್ನು ಸೇರಿಸಿದ್ದಳು: 'ನಾನೂ ಹಟಮಾರಿ. ಇದನ್ನು ನೀವು ಬರೆಯಬೇಕಿತ್ತು.'

ಅದರ ಕೆಳಗೆ ಒಂಬತ್ತನೆಯದು. ಬೇರೆ ಅಕ್ಷರ, ಮುದುಕರ ನಡುಗುವ ಅಕ್ಷರ: 'ಸದ್ಯಕ್ಕೆ ನಮ್ಮ ಮನೆಯ ಬಾಗಿಲು ತೆರೆಯುವುದಿಲ್ಲ. — ಮಹಾಂತಯ್ಯ, ಸಿರವಾರ.'

ಮೂಕಪ್ಪ ತಲೆ ಎತ್ತಿದ. "ಅಪ್ಪಾರಿಗೆ ತೋರಿಸಿದ್ರಿ?"

"ಓದಿ, 'ಇವ ತನ್ನ ವಿರುದ್ಧ ತಾನೇ ವಕೀಲಿ ಮಾಡ್ಯಾನಲ್ಲ' ಅಂದ್ರು. ದಿನಾ ಜಗಳ, ದಿನಾ ಮಾತು. ಓಡಿ ಬರೋದು ಅಗದೀ ಸರಳ ಇತ್ತು. ಆದ್ರ ಅವರಿಗೂ ಒಲ್ಲೆ ಅನ್ನಾಕ ಜಾಗ ಬೇಕಲ್ಲ." ಬೆರಳನ್ನು ಆ ಸಾಲಿನ ಮೊದಲ ಪದದ ಮೇಲಿಟ್ಟಳು. "ಮೊದಲು 'ಎಂದಿಗೂ' ಅಂತಿದ್ರು. ಇಲ್ಲಿ 'ಸದ್ಯಕ್ಕೆ' ಅಂತ ಬರಸಾಕ ಮೂರು ತಿಂಗಳು ಹಿಡೀತು."

ಅವಳು ಬೆರಳು ತೆಗೆದಳು. ಹಾಳೆಯ ಕಟ್ಟಕಡೆಯಲ್ಲಿ ಇನ್ನೊಂದು ಸಾಲಿತ್ತು, ಸಣ್ಣ ದುಂಡು ಅಕ್ಷರದಲ್ಲಿ: 'ಇಷ್ಟೂ ಓದಿ, ತಿಳಿದು, ಯಾರೂ ಒತ್ತದೆ — ಹೂಂ.'

ಮೂಕಪ್ಪ ಅದನ್ನು ನಾಲ್ಕು ಸಲ ಓದಿದ. ಆಮೇಲೆ ಅವಳನ್ನು ನೋಡಿದ. ಜಡೆಯ ತುದಿಯಲ್ಲಿ ಮತ್ತೆ ಒಂದು ಎಳೆ ಹತ್ತಿ ಸಿಕ್ಕಿತ್ತು. ಮಸಿಗೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, "ತೆಗೀಲೇನ್ರಿ?" ಎಂದು ಕೇಳಿದ.

"ಕೇಳಾಕ ಕಲ್ತೀರಿ," ಅಂದಳು. ಜಡೆಯನ್ನು ಮುಂದೆ ಹಾಕಿಕೊಂಡು ಅವನ ಕಡೆ ಚಾಚಿದಳು.

ಲಾಲ್ ಸಾಬ್ ಗಂಟಲು ಸರಿಮಾಡಿಕೊಂಡು, ಗೋಡೆ ನೋಡುತ್ತ ಕೇಳಿದರು, "ತಿದ್ದಿದ್ದನ್ನ ಮತ್ತ ಕಂಪೋಸ್ ಮಾಡಬೇಕಲ್ಲ ಲೀಡರ್. ಎಷ್ಟು ಕಾಪಿ?"

"ಎರಡು," ಅಂದ ಮೂಕಪ್ಪ.

"ಮೂರು," ಅಂದಳು ಹಂಪಮ್ಮ. "ಒಂದು 'ಸದ್ಯಕ್ಕೆ' ಅಂದವ್ರಿಗೆ. ಇನ್ನೂ ಮಾತಾಡೋದು ಅದ."